ನಿಂತು ಕಲಿತ ಹೀಬ್ರೂ

"ಶಾಲ್ವಾ ಅವರೇ, ಇದೇನು?"

ಟೀಚರ್ ಪ್ನಿನಾ ಹದಿನಾಲ್ಕನೆಯ ಸಲ ಪೆನ್ಸಿಲನ್ನು ಎತ್ತಿ ಹಿಡಿದಳು. ಆಶ್ದೋದಿನ ಉಲ್ಪಾನಿನಲ್ಲಿ, ಅಂದರೆ ಹಡಗು ವಿಮಾನ ಇಳಿದು ಬಂದ ಹೊಸಬರಿಗೆ ಹೀಬ್ರೂ ಕಲಿಸುವ ಶಾಲೆಯಲ್ಲಿ, ಕಟ್ಟಕಡೆಯ ಬೆಂಚಿನ ಮೇಲೆ ಐವತ್ತೆಂಟು ವರ್ಷದ ಶಾಲ್ವಾ ಚಿಕ್ವಾಶ್ವಿಲಿ ಕೂತಿದ್ದ. ಮಕ್ಕಳ ಅಳತೆಯ ಬೆಂಚು. ಅವನ ಮೊಣಕಾಲುಗಳು ಗಲ್ಲಕ್ಕೆ ತಾಗುತ್ತಿದ್ದವು. ಮೀಸೆಯ ಎರಡು ತುದಿಗಳು ಅಕ್ಕಪಕ್ಕದವರ ನೋಟುಬುಕ್ಕಿನ ಮೇಲೆ ನೆರಳು ಹಾಕುತ್ತಿದ್ದವು. ಅದು ಪೆನ್ಸಿಲೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಜಾರ್ಜಿಯನ್ನಿನಲ್ಲಿ ಗೊತ್ತಿತ್ತು, ರಷ್ಯನ್ನಿನಲ್ಲಿ ಗೊತ್ತಿತ್ತು, ಹೀಬ್ರೂವಿನಲ್ಲೂ ನಿನ್ನೆ ರಾತ್ರಿ ನೂರು ಸಲ ಬಾಯಿಪಾಠ ಮಾಡಿದ್ದ. ಬಾಯಿ ತೆರೆದ. ಒಳಗಿನಿಂದ ಬರೀ ಗಾಳಿ ಬಂತು.

"ಪೆನ್ಸಿಲು," ಎಂದ ಮುಂದಿನ ಬೆಂಚಿನ ಲೆನಿನ್‌ಗ್ರಾದಿನ ಇಂಜಿನಿಯರು, ತಿರುಗಿಯೂ ನೋಡದೆ.

"ನಾನು ಶಾಲ್ವಾ ಅವರನ್ನ ಕೇಳಿದ್ದು," ಎಂದಳು ಪ್ನಿನಾ.

"ಅವರನ್ನ ಕೇಳಿ ಪ್ರಯೋಜನ ಇಲ್ಲ ಟೀಚರ್. ಪೆನ್ಸಿಲು ಸವೆದು ಹೋಗುತ್ತೆ, ಅವರು ಮಾತಾಡಲ್ಲ."

ತರಗತಿ ನಕ್ಕಿತು. ಶಾಲ್ವಾ ತಲೆ ತಗ್ಗಿಸಿದ. ಅವನು ಬಿಟ್ಟುಬಂದ ಜಾರ್ಜಿಯನ್ ಊರು ಕುತೈಸಿಯಲ್ಲಿ ಯಾರಾದರೂ ಈ ನೋಟವನ್ನು ಕಂಡಿದ್ದರೆ ರಿಯೋನಿ ಹೊಳೆಗೆ ಹಾರಿಕೊಳ್ಳುತ್ತಿದ್ದರು. ಯಾಕೆಂದರೆ ಈ ಮನುಷ್ಯ ಬರಿಯ ಟೋಪಿ ಹೊಲಿಯುವವನಲ್ಲ. ನಲವತ್ತು ವರ್ಷ ಕುತೈಸಿಯ ತಮಾದಾ ಆಗಿದ್ದವನು. ಊಟದ ಮೇಜಿನ ತಲೆಗೆ ಕೂತು ಮಾತು ನಡೆಸುವ ಯಜಮಾನನೇ ತಮಾದಾ. ಅವನು ಎದ್ದು ಲೋಟ ಎತ್ತಿ ಮಾತಾಡುವವರೆಗೆ ನಮ್ಮಲ್ಲಿ ದೊರೆ ಬಂದರೂ ಗುಟುಕು ಇಳಿಸುವಂತಿಲ್ಲ. ಮದುವೆಗೆ ಮೊದಲು ಶಾಲ್ವಾನ ಬಿಡುವು ನೋಡುತ್ತಿದ್ದರು, ಆಮೇಲೆ ಹುಡುಗಿಯನ್ನು ನೋಡುತ್ತಿದ್ದರು. ಒಮ್ಮೆ ಮೇಜಿನ ಮೇಲಿದ್ದ ಉಪ್ಪಿನ ಬಟ್ಟಲನ್ನು ಕುರಿತೇ ಅವನು ಎರಡು ಗಂಟೆ ನಲವತ್ತು ನಿಮಿಷ ಮಾತಾಡಿದ. ಗೋಡೆಯ ಜಗಳಕ್ಕೆ ಹನ್ನೊಂದು ವರ್ಷ ಮುಖ ನೋಡದಿದ್ದ ಅಣ್ಣತಮ್ಮಂದಿರು ಉಪ್ಪು ನೆಕ್ಕಿ ತಬ್ಬಿಕೊಂಡರು. ಮನೆಯವನನ್ನು ಹಿಡಿದೊಯ್ಯಲು ಬಂದಿದ್ದ ಪೊಲೀಸಿನವನು ಮೂರನೆಯ ಲೋಟಕ್ಕೆ ಅಳತೊಡಗಿದ, ಒಂಬತ್ತನೆಯದಕ್ಕೆ ಅವನನ್ನೇ ಹೊತ್ತುಕೊಂಡು ಹೋಗಿ ಮನೆ ಸೇರಿಸಬೇಕಾಯಿತು. ಅಂಥ ನಾಲಿಗೆ ಈಗ ಒಂದು ಪೆನ್ಸಿಲಿನ ಮುಂದೆ ಸೋತು ಮಲಗಿತ್ತು.

ಸೋಲು ಶಾಲೆಯಲ್ಲೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಆ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅವನ ಹೆಂಡತಿಯ ತಮ್ಮ ದಾತಿಕೋ ಸೂರ್ಯಕಾಂತಿ ಬೀಜ ಕಡಿಯುತ್ತಾ ಮಾತು ತೆಗೆದ. ಮಗಳು ಲಮಾರಾಳ ನಿಶ್ಚಿತಾರ್ಥಕ್ಕೆ ಏಳು ವಾರ ಉಳಿದಿತ್ತು. ಹುಡುಗ ಅಮ್ನೋನ್ ಹತ್ತಿರದ ಕಿಬ್ಬುತ್ಸಿನವನು. ಅಲ್ಲಿ ಹೊಲ, ಹಸು, ಊಟ ಎಲ್ಲ ಎಲ್ಲರದು. ಮಾತು ಮಾತ್ರ ಯಾರದೂ ಅಲ್ಲ.

"ಭಾವ, ಬೇಜಾರು ಮಾಡ್ಕೋಬೇಡಿ," ಎಂದ ದಾತಿಕೋ. "ಬೀಗರಿಗೆ ಹೀಬ್ರೂ ಬಿಟ್ಟು ಇನ್ನೊಂದು ಬರಲ್ಲ. ನೀವು ಮೇಜಿನ ತಲೆಗೆ ಕೂತು ಕುತೈಸಿ ಭಾಷೇಲಿ ಎರಡು ಗಂಟೆ ಬಾರಿಸಿದ್ರೆ ಅವರೇನು, ನಿಮ್ಮ ಮೀಸೆ ನೋಡ್ಕೊಂಡು ಕೂತಿರ್ಬೇಕಾ?"

"ನೋಡೋ ಹಾಗೇ ಇದೆ ಮೀಸೆ."

"ತಮಾಷೆ ಅಲ್ಲ. ಮಾತು ಅರ್ಥ ಆಗದ ಅತಿಥೀನ ಮೇಜಿಗೆ ಕೂರಿಸೋದು ಅವಮಾನ ಅಂತ ನೀವೇ ಹೇಳ್ತಿದ್ರಿ. ನಾನು ಬಂದು ಮೂರು ವರ್ಷ ಆಯ್ತು. ನನ್ನ ಹೀಬ್ರೂ ಕೇಳಿದ್ರೆ ತರಕಾರಿ ಮಾರ್ಕೆಟ್ಟೇ ನಡುಗುತ್ತೆ."

"ನಡುಗೋದು ನಿನ್ನ ವ್ಯಾನಿಗೆ ಬ್ರೇಕ್ ಇಲ್ಲ ಅಂತ ಕಣಯ್ಯ."

ಹೆಂಡತಿ ಮಾಕ್ವಾಲಾ ನಗು ತಡೆದುಕೊಂಡು ತಟ್ಟೆ ಎತ್ತಿದಳು. ಕುತೈಸಿಯಲ್ಲಿ ಈ ದಾತಿಕೋನನ್ನು ಮೂರನೆಯ ಲೋಟದ ಆಚೆ ಮಾತಾಡಲು ಯಾರೂ ಬಿಟ್ಟಿರಲಿಲ್ಲ. ಅವನ ಮಾತು ಕೇಳಿದರೆ ಕೋಳಿ ಸಾರು ಆರುತ್ತಿತ್ತು, ದ್ರಾಕ್ಷಾರಸ ಹುಳಿಯುತ್ತಿತ್ತು, ಕೂಸುಗಳು ನಿದ್ದೆಯಲ್ಲೇ ಆಕಳಿಸುತ್ತಿದ್ದವು.

"ಅಪ್ಪಾ, ನೀವೇ ಮಾತಾಡಿ. ನಾನು ಪಕ್ಕದಲ್ಲಿ ನಿಂತು ಹೀಬ್ರೂವಲ್ಲಿ ಹೇಳ್ತೀನಿ," ಎಂದಳು ಲಮಾರಾ ಮೆಲ್ಲಗೆ.

"ಬೇಡ ನನ್ನಮ್ಮಾ. ಇನ್ನೊಬ್ಬರ ಬಾಯಿಂದ ಆಡಿಸಿದ ಮಾತು ಇನ್ನೊಬ್ಬರ ಹಲ್ಲಲ್ಲಿ ಅಗಿಸಿದ ಊಟ. ಹೊಟ್ಟೆಗೆ ಹೋಗುತ್ತೆ, ರುಚಿ ಹತ್ತಲ್ಲ." ಶಾಲ್ವಾ ಎದ್ದು ನಿಂತ. "ಕೇಳು ದಾತಿಕೋ. ನನ್ನ ಮಗಳ ಮೇಜಿನ ತಲೆಗೆ ನಾನೇ ಕೂರ್ತೀನಿ. ಹೀಬ್ರೂವಲ್ಲೇ ನಡೆಸ್ತೀನಿ. ನಡುವೆ ಎಲ್ಲಾದ್ರೂ ನನ್ನ ಮಾತು ನಿಂತುಹೋದ್ರೆ, ಆ ಕ್ಷಣವೇ ಎದ್ದು ಕುರ್ಚಿ ನಿನಗೆ ಬಿಡ್ತೀನಿ. ಮತ್ತೆ ಈ ಜನ್ಮದಲ್ಲಿ ಯಾರ ಮನೇಲೂ ಲೋಟ ಎತ್ತಲ್ಲ."

ಮಾಕ್ವಾಲಾಳ ಕೈಯ ತಟ್ಟೆ ಹಾಗೇ ನಿಂತಿತು. ಊಟದ ನಡುವೆ ಕುರ್ಚಿ ಬಿಟ್ಟ ತಮಾದಾನನ್ನು ನಮ್ಮಲ್ಲಿ ಆಮೇಲೆ ಸಾವಿನ ಮನೆಗೂ ಕರೆಯುವುದಿಲ್ಲ.

"ನಿಮ್ಮ ಮಾತಿಗೆ ಸಾಕ್ಷಿ?" ಎಂದ ದಾತಿಕೋ, ಬಾಯಲ್ಲಿ ಬೀಜ ಹಾಗೇ ಇಟ್ಟುಕೊಂಡು.

"ಇಡೀ ಕುತೈಸಿ," ಎಂದ ಶಾಲ್ವಾ. ಅರ್ಧ ಕುತೈಸಿ ಆಗಲೇ ಆಶ್ದೋದಿಗೆ ಬಂದಿದ್ದರಿಂದ ಸಾಯಂಕಾಲದೊಳಗೆ ಸಾಕ್ಷಿಗಳೆಲ್ಲ ತಾವಾಗಿ ಬಂದು ಬಾಗಿಲು ಬಡಿದರು.

ಒಂದು ವಾರ ಹೋಯಿತು, ಎರಡು ಹೋದವು. ಪುಸ್ತಕದಲ್ಲಿ ಬ್ಯಾಂಕು ಮುಗಿಯಿತು, ಡಾಕ್ಟರು ಮುಗಿದರು, ನಲ್ಲಿ ರಿಪೇರಿಯವನು ಬಂದು ಹೋದ. ಶಾಲ್ವಾನ ತಲೆಯೊಳಕ್ಕೆ ಪದಗಳು ಗೋದಾಮಿಗೆ ಮೂಟೆ ಇಳಿಸಿದ ಹಾಗೆ ಇಳಿದವು. ಹೊರಕ್ಕೆ ಮಾತ್ರ ಬಾಗಿಲಿಲ್ಲ. ದಾತಿಕೋ ಪ್ರತಿ ಸಂಜೆ ಬಂದು "ಏನು ಭಾವ, ಪೆನ್ಸಿಲು ಹೇಗಿದೆ?" ಎಂದು ವಿಚಾರಿಸಿಕೊಂಡು, ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದ.

ಮೂರನೆಯ ವಾರದ ಬುಧವಾರ ರೋಝಿಕಾ ತರಗತಿಗೆ ಕೇಕು ತಂದಳು. ರೊಮೇನಿಯಾದಿಂದ ಒಂಟಿಯಾಗಿ ಬಂದ ದರ್ಜಿ ಹೆಂಗಸು. ಆರು ತಿಂಗಳು ಕಾದ ಮೇಲೆ ಅವಳಿಗೆ ಹೊಸ ಮನೆಯ ಬೀಗದಕೈ ಸಿಕ್ಕಿತ್ತು. ಪ್ನಿನಾ ಎಲ್ಲರಿಗೂ ಗಾಜಿನ ಲೋಟದಲ್ಲಿ ಚಹಾ ಹಂಚಿದಳು. ಒಂದು ಲೋಟ ಶಾಲ್ವಾನ ಕೈಗೂ ಬಂತು.

ಕೈಗೆ ಲೋಟ ಬಂದಮೇಲೆ ಶಾಲ್ವಾ ಕೂತಿರುವುದೇ? ಅವನನ್ನು ಕೇಳದೆಯೇ ಅವನ ಕಾಲು ಎದ್ದವು. ಬೆಂಚು ಹಿಂದಕ್ಕೆ ಬಿದ್ದು ಇಡೀ ಕಟ್ಟಡ ಬೆಚ್ಚಿತು. ಎದೆ ಉಬ್ಬಿತು, ಮೊಣಕೈ ಭುಜದ ಮಟ್ಟಕ್ಕೆ ಏರಿತು. ಬಾಯಿ ತೆರೆಯಿತು.

"ಇದು ರೋಝಿಕಾ," ಎಂದ ಹೀಬ್ರೂವಿನಲ್ಲಿ. "ಇದು ಬೀಗದಕೈ. ಬೀಗದಕೈ ಚಿಕ್ಕದು. ಬಾಗಿಲು ದೊಡ್ಡದು. ಬಾಗಿಲಲ್ಲಿ ಒಬ್ಬಳು ಹೋಗುತ್ತಾಳೆ. ನಾಳೆ ನಾನು ಬರುತ್ತೇನೆ, ಟೀಚರ್ ಬರುತ್ತಾಳೆ, ಇಂಜಿನಿಯರು ಬರುತ್ತಾನೆ, ಡಾಕ್ಟರು ಬರುತ್ತಾನೆ, ನಲ್ಲಿಯವನು ಬರುತ್ತಾನೆ. ಕುರ್ಚಿ ಇಲ್ಲ! ರೋಝಿಕಾ ಹೇಳುತ್ತಾಳೆ: ಅಯ್ಯೋ, ಎಷ್ಟು ಜನ, ಕುರ್ಚಿ ಇಲ್ಲ! ರೋಝಿಕಾ, ನಿನ್ನ ಮನೇಲಿ ಯಾವತ್ತೂ ಕುರ್ಚಿ ಸಾಲದೇ ಇರಲಿ. ಲೆಹಾಯಿಮ್!"

ಲೆಹಾಯಿಮ್ ಎಂದರೆ 'ಬಾಳಿಗೆ', ಲೋಟ ಎತ್ತಿದಾಗ ಹೀಬ್ರೂವಿನಲ್ಲಿ ಹೇಳುವ ಹಾರೈಕೆ. ತರಗತಿಯಲ್ಲಿ ನೊಣ ಹಾರಿದರೂ ಕೇಳಿಸುತ್ತಿತ್ತು. ಆದರೆ ನೊಣಗಳೂ ಕೂತು ಕೇಳುತ್ತಿದ್ದವು. ರೋಝಿಕಾ ಕೇಕಿನ ಮೇಲೆಯೇ ಅತ್ತುಬಿಟ್ಟಳು. ಲೆನಿನ್‌ಗ್ರಾದಿನ ಇಂಜಿನಿಯರು ತಾನು ಯಾವಾಗ ಎದ್ದು ನಿಂತೆನೆಂದು ತನಗೇ ತಿಳಿಯದೆ ಲೋಟ ಹಿಡಿದು ನಿಂತಿದ್ದ.

ಪ್ನಿನಾ ಸೀಮೆಸುಣ್ಣ ಕೆಳಗಿಟ್ಟಳು. "ಶಾಲ್ವಾ ಅವರೇ, ಕೂತ್ಕೊಳ್ಳಿ. ಈಗ ಅದನ್ನೇ ಇನ್ನೊಂದು ಸಲ ಹೇಳಿ."

ಶಾಲ್ವಾ ಕೂತ. ಬಾಯಿ ತೆರೆದ. ಗಾಳಿ.

"ಏಳಿ. ಲೋಟ ಹಿಡ್ಕೊಳ್ಳಿ. ಇದೇನು?" ಎಂದು ಪೆನ್ಸಿಲು ಎತ್ತಿದಳು.

"ಇದು ಪೆನ್ಸಿಲು!" ಎಂದು ಶಾಲ್ವಾ ಗುಡುಗಿದ. "ಪೆನ್ಸಿಲು ಬರೆಯುತ್ತದೆ, ಬರೆಯುತ್ತದೆ, ಚಿಕ್ಕದಾಗುತ್ತದೆ. ಟೀಚರ್ ಕಲಿಸುತ್ತಾಳೆ, ಕಲಿಸುತ್ತಾಳೆ, ಚಿಕ್ಕದಾಗುವುದಿಲ್ಲ. ಟೀಚರಿಗೆ ಲೆಹಾಯಿಮ್!"

"ನಾಳೆಯಿಂದ ನಿಮಗೆ ಬೆಂಚು ಬೇಡ," ಎಂದಳು ಪ್ನಿನಾ. ಅವಳ ಕಿವಿ ಕೆಂಪಾಗಿದ್ದವು. "ಲೋಟ ಮನೆಯಿಂದ ತನ್ನಿ. ಈ ಸ್ಕೂಲಿನ ಲೋಟ ಲೆಕ್ಕದ್ದು."

ಆಮೇಲೆ ಆಶ್ದೋದಿನಲ್ಲಿ ನಡೆದದ್ದು ಆಶ್ದೋದಿನವರಿಗೆಲ್ಲ ಗೊತ್ತು. ಶಾಲ್ವಾ ಕೋಟಿನ ಜೇಬಿನಲ್ಲಿ ಲೋಟ ಇಟ್ಟುಕೊಂಡು ಊರ ಮೇಲೆ ಬಿದ್ದ. ಅಂಚೆಯವನು ಕಾಗದ ತಂದರೆ ಬಾಗಿಲಲ್ಲೇ ನಿಲ್ಲಿಸಿ, ಲೋಟಕ್ಕೆ ನಲ್ಲಿ ನೀರು ಹಿಡಿದು, ಅವನ ಕಾಲಿಗೆ, ಚೀಲಕ್ಕೆ, ಸೈಕಲ್ಲಿಗೆ ಒಂದೊಂದು ಲೆಹಾಯಿಮ್ ಹೇಳಿ ಕಳಿಸುತ್ತಿದ್ದ. ಮೀನು ಮಾರುವ ಮೊರೊಕ್ಕೋದವನ ತಕ್ಕಡಿಯನ್ನು ಹೊಗಳಿದ. ಅವನು ನಾಚಿಕೊಂಡು ಅಂದಿನಿಂದ ಸರಿಯಾಗಿ ತೂಗತೊಡಗಿದ. ದವಾಖಾನೆಯಲ್ಲಿ ಕೆಮ್ಮಿನ ಔಷಧಿಯ ಪುಟ್ಟ ಬಟ್ಟಲು ಎತ್ತಿ, ಸಾಲಿನಲ್ಲಿ ಕಾದಿದ್ದ ನಲವತ್ತು ಜನರ ಆರೋಗ್ಯ ಹಾರೈಸಿದ. ಹದಿನೇಳು ಜನ ಡಾಕ್ಟರನ್ನು ನೋಡದೆಯೇ ವಾಸಿಯಾಗಿ ಮನೆಗೆ ಹೋದರು.

ಹೊಸಬರ ಕಚೇರಿಯಲ್ಲಿ ಒಬ್ಬ ಗುಮಾಸ್ತನಿದ್ದ. ದೇಶ ಹುಟ್ಟಿದಾಗ ಒಮ್ಮೆ ನಕ್ಕಿದ್ದನಂತೆ. ಆಮೇಲೆ ಅವನ ಹಲ್ಲು ಕಂಡವರಿಲ್ಲ. ಶಾಲ್ವಾ ಅವನ ಮೇಜಿನ ಮುಂದೆ ನಿಂತು ಲೋಟ ಎತ್ತಿದ: "ಗುಮಾಸ್ತ ನಿನ್ನೆ ಇರಲಿಲ್ಲ. ನಾಳೆ ಗೊತ್ತಿಲ್ಲ. ಇವತ್ತು ಇದ್ದಾನೆ! ಇದ್ದವನಿಗೆ ಲೆಹಾಯಿಮ್!" ಸಾಲಿಗೆ ಸಾಲೇ ಹುಯ್ಯೆಂದಿತು. ಗುಮಾಸ್ತ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ, ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ನಕ್ಕ. ಹೊರಗಿದ್ದವರಿಗೆಲ್ಲ ಕೇಳಿಸಿತು.

ಆರನೆಯ ವಾರ ಮುಗಿಯುವ ಹೊತ್ತಿಗೆ ಶಾಲ್ವಾನ ಹತ್ತಿರ ಮುನ್ನೂರ ಹನ್ನೆರಡು ಪದಗಳಿದ್ದವು. ಲಮಾರಾ ಪಟ್ಟಿ ಮಾಡಿ ಕೊಟ್ಟಿದ್ದಳು. ದಾತಿಕೋನ ಬಳಿ ಎರಡು ಸಾವಿರವಿದ್ದವು. ಅದರಲ್ಲಿ ಸಾವಿರದ ಒಂಬೈನೂರು ಬೈಗುಳ.

ನಿಶ್ಚಿತಾರ್ಥಕ್ಕೆ ನಾಲ್ಕು ದಿನ ಇದ್ದಾಗ ಅಮ್ನೋನ್ ಮೋಟಾರ್ ಸೈಕಲ್ಲಿನಲ್ಲಿ ಬಂದ. ಎತ್ತರದ, ಬಿಸಿಲಿಗೆ ಸಿಪ್ಪೆ ಸುಲಿದ ಮೂಗಿನ, ಹೂಂ ಉಹೂಂ ಅನ್ನುವ ಹುಡುಗ. ಶಾಲ್ವಾ ಅವನನ್ನು ಬಾಲ್ಕನಿಗೆ ಕರೆದು, ಲೋಟ ಹಿಡಿದು ನಿಂತು ಕೇಳಿದ:

"ಅಮ್ನೋನ್, ನಿಮ್ಮ ಮನೇಲಿ ಯಾರು ಇಲ್ಲ?"

ಎರಡೂ ಮನೆಗಳ ಸತ್ತವರ ಹೆಸರು ತಿಳಿಯದೆ ನಮ್ಮ ತಮಾದಾ ಮೇಜಿಗೆ ಕೂರುವುದಿಲ್ಲ. ಮೊದಲ ಲೋಟ ಬಂದವರಿಗೆ, ಎರಡನೆಯದು ಹುಡುಗ ಹುಡುಗಿಗೆ, ಮೂರನೆಯದು ಇಲ್ಲದವರಿಗೆ. ಅವರ ಹೆಸರು ಹೇಳಿ, ರೊಟ್ಟಿಯ ಮೇಲೆ ಎರಡು ಹನಿ ಹಾಕದೆ ನಾಲ್ಕನೆಯ ಲೋಟ ತುಂಬುವುದೇ ಇಲ್ಲ. ಅಮ್ನೋನನಿಗೆ ಇದು ಗೊತ್ತಿರಲಿಲ್ಲ. ಅವನಿಗೆ ಗೊತ್ತಿಲ್ಲವೆಂದು ಶಾಲ್ವಾನಿಗೆ ಗೊತ್ತಿರಲಿಲ್ಲ.

"ಅಜ್ಜ, ಹಿರ್ಶ್. ಅಜ್ಜಿ, ಫ್ರೂಮಾ. ಪೋಲೆಂಡಲ್ಲೇ," ಎಂದ ಅಮ್ನೋನ್. ಆಮೇಲೆ ತನ್ನ ಚಪ್ಪಲಿ ನೋಡಿದ. "ಗಿದೋನ್. ನಮ್ಮಣ್ಣ. ಆರು ವರ್ಷದ ಹಿಂದೆ, ಯುದ್ಧದಲ್ಲಿ."

ಅಷ್ಟು ಹೇಳಿ ಇಳಿದು ಹೋಗಿ ಗಾಡಿ ಚಾಲೂ ಮಾಡಿದ. ಶಾಲ್ವಾ ಮೂರು ಹೆಸರುಗಳನ್ನೂ ತಲೆಯಲ್ಲಿಟ್ಟುಕೊಂಡ. ತೊಡಕೆಲ್ಲಿತ್ತೆಂದರೆ, ಉಲ್ಪಾನಿನ ಪುಸ್ತಕದಲ್ಲಿ ಯಾರೂ ಸಾಯುತ್ತಿರಲಿಲ್ಲ. ಡಾಕ್ಟರ ಪಾಠದಲ್ಲಿ ಕೂಡ ಎಲ್ಲರಿಗೂ ಬರೀ ಗಂಟಲು ನೋವು. ಪ್ನಿನಾಳನ್ನು ಕೇಳಿದ, ಅವಳು ಮರಣ, ಸಂತಾಪ, ಸ್ಮರಣೆ ಎಂದು ಮೂರು ದಪ್ಪ ಪದ ಬರೆದುಕೊಟ್ಟಳು. ಮೂರನ್ನೂ ಬಾಯಿಗೆ ಹಾಕಿಕೊಂಡು ನೋಡಿದ. ಅವು ಕಚೇರಿಯಿಂದ ಬಂದ ಕಾಗದದ ಹಾಗೆ ಒಣಗಿದ್ದವು. ಉಗುಳಿಬಿಟ್ಟ.

"ಮೂರನೇ ಲೋಟಕ್ಕೆ ಏನು ಮಾಡ್ತೀರಿ?" ಎಂದು ಮಾಕ್ವಾಲಾ ಕೇಳಿದಳು. ಅವಳು ಮೂರು ದಿನದಿಂದ ಆಕ್ರೋಟು ಅರೆಯುತ್ತಿದ್ದಳು.

"ನಿಂತಾಗ ಬರುತ್ತೆ."

"ಬರದೇ ಇದ್ರೆ?"

ಶಾಲ್ವಾ ಮೀಸೆ ತಿರುವಿದ. ಅರೆದ ಆಕ್ರೋಟಿನಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡ.

ಮಂಗಳವಾರ ಬಂತು. ಸೃಷ್ಟಿಯ ವಾರದಲ್ಲಿ ದೇವರು ಎರಡು ಸಲ 'ಒಳ್ಳೆಯದು' ಎಂದ ದಿನವೆಂದು ನಮ್ಮವರು ಶುಭಕ್ಕೆಲ್ಲ ಅದನ್ನೇ ಹಿಡಿಯುತ್ತಾರೆ. ನಾಲ್ಕನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಬಾಗಿಲುಗಳನ್ನು ಕಳಚಿ ಮೇಜು ಮಾಡಿದ್ದರು; ಮೇಜು ಅಡುಗೆಮನೆಯಲ್ಲಿ ಹುಟ್ಟಿ, ನಡುಮನೆ ದಾಟಿ, ಬಾಲ್ಕನಿಗೆ ಹೋಗಿ ಸಮುದ್ರ ನೋಡುತ್ತಿತ್ತು. ಆಕ್ರೋಟಿನ ಗಸಿಯಲ್ಲಿ ಮುಳುಗಿದ ಕೋಳಿಗಳು, ಕೊತ್ತಂಬರಿ ಹಾಕಿದ ಹುರುಳಿ, ದಾಳಿಂಬೆ ಉದುರಿಸಿದ ಬದನೆ, ಮೊಳದುದ್ದದ ರೊಟ್ಟಿಗಳು. ದ್ರಾಕ್ಷಾರಸವನ್ನು ಕಳೆದ ಬೇಸಿಗೆಯಲ್ಲೇ ಸ್ನಾನದ ತೊಟ್ಟಿಯಲ್ಲಿ ತುಳಿದು ಇಟ್ಟಿದ್ದರು; ಆ ಎರಡು ತಿಂಗಳು ಮನೆಮಂದಿಯೆಲ್ಲ ಪಕ್ಕದ ಮನೆಯಲ್ಲಿ ಮಿಂದಿದ್ದರು.

ಸಂಜೆ ನಾಲ್ಕಕ್ಕೆ ಕಿಬ್ಬುತ್ಸಿನ ಲಾರಿ ಬಂದು ಎಂಟು ಜನರನ್ನೂ ಒಂದು ಪೆಟ್ಟಿಗೆ ಚಕ್ಕೋತವನ್ನೂ ಇಳಿಸಿತು. ಅಮ್ನೋನನ ಅಪ್ಪ ಝೆಲಿಗ್ ಹಾಲಿನ ಕೊಟ್ಟಿಗೆಯ ಮುಖ್ಯಸ್ಥ. ದಿನಕ್ಕೆ ಏಳು ಮಾತಾಡುವವನು, ಅದರಲ್ಲೂ ನಾಲ್ಕು ಹಸುಗಳಿಗೆ. ಅವನ ಹೆಂಡತಿ ಯೋಖೆವೆದ್ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಎರಡು ಕೈಯಲ್ಲೂ ಹಿಡಿದು ಕೂತಳು.

ಕೂತದ್ದೇ ತಡ, ಎಂಟೂ ಜನ ತಿನ್ನತೊಡಗಿದರು. ಪ್ರಾರ್ಥನೆಯಿಲ್ಲ, ಮಾತಿಲ್ಲ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಝೆಲಿಗ್ ತನ್ನ ಮುಂದಿದ್ದ ಲೋಟವನ್ನು ನೀರು ಕುಡಿದ ಹಾಗೆ ಕುಡಿದು ಕೆಳಗಿಟ್ಟ. ಮೇಜಿನ ಈಚೆ ಬದಿಯಲ್ಲಿದ್ದ ನಲವತ್ತು ಕುತೈಸಿಯವರು ಉಸಿರು ಬಿಗಿಹಿಡಿದರು. ಒಬ್ಬ ಮುದುಕಿ ಕಣ್ಣು ಮುಚ್ಚಿಕೊಂಡಳು.

"ಬೇಗ ಶುರು ಮಾಡಿ ಭಾವ," ಎಂದು ದಾತಿಕೋ ಪಿಸುಗುಟ್ಟಿದ. ಹೂಜಿ ಹಿಡಿದು ತಮಾದಾನ ಕುರ್ಚಿಗೆ ಅಂಟಿಕೊಂಡೇ ನಿಂತಿದ್ದ. "ಇವರ ಊಟ ಹನ್ನೊಂದು ನಿಮಿಷ. ಆರು ಗಂಟೆಗೆ ಹಾಲು ಕರೀಬೇಕಂತೆ."

ಶಾಲ್ವಾ ಎದ್ದ. ಅವನು ಎದ್ದರೆ ನಾಲ್ಕನೆಯ ಮಹಡಿ ಐದನೆಯದಾಗುತ್ತಿತ್ತು. ಲೋಟ ಎತ್ತಿದ.

"ನಲ್ಲಿ ಕೆಟ್ಟಿದೆ," ಎಂದ.

ಎಂಟು ಮುಳ್ಳುಚಮಚಗಳು ನಿಂತವು.

"ನಲ್ಲಿ ಕೆಟ್ಟರೆ ನಲ್ಲಿಯವನನ್ನು ಕರೆಯುತ್ತೇವೆ. ಅವನು ಹೇಳುತ್ತಾನೆ: ನಾಳೆ ಬರುತ್ತೇನೆ. ನಾಳೆ ಬರುವುದಿಲ್ಲ. ಡಾಕ್ಟರನ್ನು ಕರೆಯುತ್ತೇವೆ. ಅವನು ಹೇಳುತ್ತಾನೆ: ಭಾನುವಾರ. ನಿಮ್ಮನ್ನು ಕರೆದೆವು. ನಾಲ್ಕು ಗಂಟೆಗೆ ಅಂದೆವು. ನಾಲ್ಕು ಗಂಟೆಗೆ ಬಂದಿರಿ! ಈ ದೇಶದಲ್ಲಿ ಕರೆದ ದಿನ ಬರುವವನು ಒಬ್ಬನೇ: ಬೀಗ! ಬೀಗರಿಗೆ ಲೆಹಾಯಿಮ್!"

ಕಿಬ್ಬುತ್ಸಿನವರಲ್ಲಿ ಒಬ್ಬ ಹುರುಳಿಯನ್ನು ಮೂಗಿಗೆ ಏರಿಸಿಕೊಂಡು ನಕ್ಕ. ಆ ಕಡೆ ಲೋಟಗಳೆದ್ದವು, ಈ ಕಡೆ ಲೋಟಗಳೆದ್ದವು. ದಾತಿಕೋ ಹೂಜಿಯಿಂದ ಸುರಿಯುತ್ತಾ ಹಲ್ಲು ಕಡಿದ. ಎರಡನೆಯ ಲೋಟವನ್ನು ಹುಡುಗ ಹುಡುಗಿಗೆ ಎತ್ತಿ, ಬ್ಯಾಂಕಿನ ಪಾಠದಿಂದಲೇ ಇಡೀ ದಾಂಪತ್ಯವನ್ನು ಹೊರಗೆ ತೆಗೆದ: "ಗಂಡ ಇಡುತ್ತಾನೆ, ಹೆಂಡತಿ ತೆಗೆಯುತ್ತಾಳೆ, ಹೆಂಡತಿ ಇಡುತ್ತಾಳೆ, ಗಂಡ ತೆಗೆಯುತ್ತಾನೆ, ಬ್ಯಾಂಕಿನ ಕಿಟಕಿ ಮಾತ್ರ ಯಾವಾಗಲೂ ತೆರೆದಿರಲಿ!" ಹನ್ನೊಂದನೆಯ ನಿಮಿಷ ಯಾವಾಗ ಕಳೆಯಿತೋ ಯಾರೂ ನೋಡಲಿಲ್ಲ. ಝೆಲಿಗ್ ಮಾತ್ರ ಗಡಿಯಾರ ನೋಡಿದ.

ಮೂರನೆಯ ಲೋಟ. ಕುತೈಸಿಯವರೆಲ್ಲ ಎದ್ದು ನಿಂತರು. ಅವರು ನಿಂತದ್ದು ಕಂಡು ಕಿಬ್ಬುತ್ಸಿನವರೂ ನಿಂತರು.

"ಇಲ್ಲದವರಿಗೆ," ಎಂದ ಶಾಲ್ವಾ. "ನನ್ನ ಅಪ್ಪ ಇಸಾಕ್. ನನ್ನ ತಾಯಿ ಸಿಪೋರಾ. ಝೆಲಿಗನ ಅಪ್ಪ ಹಿರ್ಶ್. ತಾಯಿ ಫ್ರೂಮಾ. ಝೆಲಿಗನ ಮಗ ಗಿದೋನ್."

ಆ ಹೆಸರು ಮೇಜಿನ ಮೇಲೆ ಬಿತ್ತು. ಕಿಬ್ಬುತ್ಸಿನ ಎಂಟು ಜನರೂ ಕಲ್ಲಾದರು. ಯೋಖೆವೆದಳ ಕೈಚೀಲ ಜಾರಿ ನೆಲಕ್ಕೆ ಬಿದ್ದರೂ ಅವಳು ಬಗ್ಗಲಿಲ್ಲ. ಅಮ್ನೋನನ ಸುಲಿದ ಮೂಗು ಕೂಡ ಬೆಳ್ಳಗಾಯಿತು. ಝೆಲಿಗ್ ಲೋಟವನ್ನು ಮೇಜಿನ ಮೇಲಿಟ್ಟ.

"ಅಪ್ಪಾ," ಲಮಾರಾ ಜಾರ್ಜಿಯನ್ನಿನಲ್ಲಿ ಉಸುರಿದಳು, "ಆ ಹೆಸರನ್ನ ಆ ಮನೇಲಿ ಆರು ವರ್ಷದಿಂದ ಯಾರೂ ಎತ್ತಿಲ್ಲ. ಅವರಪ್ಪನ ಮುಂದೆ ಎತ್ತೋ ಹಾಗೇ ಇಲ್ಲ. ಅಮ್ನೋನ್ ನಿಮಗೆ ಹೇಳ್ಲಿಲ್ವಾ?"

ಶಾಲ್ವಾ ಝೆಲಿಗನ ಕಡೆ ತಿರುಗಿದ. ಬಾಯಿ ತೆರೆದ. ಗಾಳಿ ಬಂತು.

"ಬಿಡಿ ಭಾವ, ಕುರ್ಚಿ ಬಿಡಿ," ಎಂದ ದಾತಿಕೋ. ಅವನ ಕೈ ಆಗಲೇ ಕುರ್ಚಿಯ ಬೆನ್ನ ಮೇಲಿತ್ತು. "ಮಾತು ನಿಂತ್ಹೋಯ್ತು, ಎಲ್ಲರೂ ನೋಡಿದ್ರು. ನಾನೊಂದು ಜೋಕ್ ಹೇಳಿ ಎಲ್ಲ ಸರಿ ಮಾಡ್ತೀನಿ."

ಅಲ್ಲಿ ಕೂತುಬಿಟ್ಟಿದ್ದರೆ ಶಾಲ್ವಾ ಚಿಕ್ವಾಶ್ವಿಲಿಯ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಕೂರಲಿಲ್ಲ. ಅವನು ಯೋಖೆವೆದಳ ಮುಖ ನೋಡಿದ. ಕೋಪಗೊಂಡ ಮುಖವನ್ನು ತಮಾದಾ ಮೇಜಿನ ಆ ತುದಿಯಿಂದಲೇ ಗುರುತಿಸಬಲ್ಲ. ಅದು ಕೋಪವಾಗಿರಲಿಲ್ಲ. ಆರು ವರ್ಷದಿಂದ ಯಾವ ಬಾಗಿಲಲ್ಲೂ ಕೇಳದ ಹೆಸರನ್ನು ಕೇಳಿ, ಇನ್ನೊಂದು ಸಲ ಕೇಳಿಸೀತೇ ಎಂದು ಕಿವಿಯೊಡ್ಡಿದ ಮುಖ ಅದು.

"ಬಸ್ಸು," ಎಂದ ಶಾಲ್ವಾ.

ದಾತಿಕೋ ಕಣ್ಣು ಮುಚ್ಚಿಕೊಂಡ.

"ಬಸ್ಸು ತುಂಬಿದೆ. ಜಾಗ ಇಲ್ಲ. ಮುದುಕರು ನಿಂತಿದ್ದಾರೆ, ಹೆಂಗಸರು ನಿಂತಿದ್ದಾರೆ, ಮಕ್ಕಳು ನಿಂತಿದ್ದಾರೆ. ನನ್ನ ಹಾಗೆ ಹೊಸಬರು ಚೀಲ ಹಿಡಿದು ನಿಂತಿದ್ದಾರೆ. ಒಬ್ಬ ಹುಡುಗ ಕೂತಿದ್ದಾನೆ. ಹುಡುಗ ಏಳುತ್ತಾನೆ. ಅವನು ಹೇಳುತ್ತಾನೆ: ಬನ್ನಿ, ಕೂತ್ಕೊಳ್ಳಿ."

ಪುಸ್ತಕದ ಪಾಠವೇ ಅದು, ಅಕ್ಷರಕ್ಕೆ ಅಕ್ಷರ. ಹಿರಿಯರಿಗೆ ಜಾಗ ಬಿಡಬೇಕೆಂದು ಮಕ್ಕಳಿಗೆ ಕಲಿಸುವ ಪಾಠ. ಪುಸ್ತಕದಲ್ಲಿ ಅದು ಅಲ್ಲಿಗೇ ಮುಗಿದು ಪ್ರಶ್ನೆಗಳು ಶುರುವಾಗುತ್ತಿದ್ದವು. ಶಾಲ್ವಾ ಮುಂದುವರಿಸಿದ. ದನಿ ಎತ್ತರಿಸಲಿಲ್ಲ, ಆದರೂ ಬಾಲ್ಕನಿಯ ಕೊನೆಯವನಿಗೆ ಕೇಳಿಸಿತು, ಕೆಳಗೆ ಲಾರಿಯ ಡ್ರೈವರನಿಗೂ ಕೇಳಿಸಿತು ಎನ್ನುತ್ತಾರೆ.

"ನಾನು ಕೂತೆ. ನನ್ನ ಹೆಂಡತಿ ಕೂತಳು. ನನ್ನ ಮಗಳು ಕೂತಳು. ಈ ಎಲ್ಲ ಜನ ಕೂತರು, ನೋಡಿ, ಊಟ ಮಾಡುತ್ತಿದ್ದೇವೆ. ಬಸ್ಸು ಹೋಗುತ್ತಿದೆ. ಆ ಹುಡುಗ ನಿಂತೇ ಇದ್ದಾನೆ. ಆರು ವರ್ಷ ನಿಂತಿದ್ದಾನೆ. ಯಾರೂ ಅವನಿಗೆ ಹೇಳಿಲ್ಲ, ಕೂತ್ಕೋ ಅಂತ." ಅವನು ಲೋಟ ಎತ್ತಿದ. "ಇವತ್ತು ನಾವು ನಿಲ್ಲುತ್ತೇವೆ. ಎಲ್ಲರೂ ನಿಲ್ಲುತ್ತೇವೆ. ಗಿದೋನ್, ಬಾ ಮಗನೇ, ನೀನು ಕೂತ್ಕೋ."

ಮೊಳದುದ್ದದ ರೊಟ್ಟಿಯಿಂದ ಒಂದು ತುಂಡು ಮುರಿದು, ಅದರ ಮೇಲೆ ಎರಡು ಹನಿ ಹಾಕಿದ. ನಲವತ್ತು ಕುತೈಸಿಯವರು ಹಾಗೇ ಮಾಡಿದರು. ಕಿಬ್ಬುತ್ಸಿನವರು ಒಬ್ಬರನ್ನೊಬ್ಬರು ನೋಡಿ, ರೊಟ್ಟಿ ಮುರಿದರು. ಲೋಟಕ್ಕೆ ಲೋಟ ತಾಗಿಸಲಿಲ್ಲ ಯಾರೂ.

ಆದರೆ ಶಾಲ್ವಾ ಕುಡಿಯಲಿಲ್ಲ. ತಮಾದಾ ತಾನು ಎತ್ತಿದ ಮಾತನ್ನು ಇನ್ನೊಬ್ಬನಿಗೆ ದಾಟಿಸಬಹುದು. ದಾಟಿಸಿಕೊಂಡವನು ಮಾತಾಡಿ ಮುಗಿಸುವವರೆಗೆ ಅವನು ಕಾಯಬೇಕು. ಅವನು ಲೋಟವನ್ನು ಝೆಲಿಗನ ಕಡೆಗೆ ಚಾಚಿದ.

"ಬೀಗರೇ, ಈಗ ಮಾತು ನಿಮ್ಮದು."

ಝೆಲಿಗ್ ಗಡಿಯಾರ ನೋಡಿದ. ಬಾಗಿಲು ನೋಡಿದ. ಮೇಜಿನ ಮೇಲಿಟ್ಟಿದ್ದ ತನ್ನ ಲೋಟ ನೋಡಿದ. ಆಮೇಲೆ ಅವನ ಒರಟು ಕೈ ಲೋಟದ ಸುತ್ತ ಮುಚ್ಚಿಕೊಂಡು, ಅದನ್ನು ಎತ್ತಿತು.

"ಅವನಿಗೆ ಹಸು ಅಂದ್ರೆ ಭಯ," ಎಂದ ಝೆಲಿಗ್.

ಅವನು ಲೋಟದೊಳಕ್ಕೆ ನೋಡುತ್ತಾ ಮುಂದುವರಿಸಿದ.

"ಕೊಟ್ಟಿಗೆ ಯಜಮಾನನ ಮಗ. ಹಸು ಅಂದ್ರೆ ಭಯ. ಹತ್ತು ವರ್ಷದವನಿದ್ದಾಗ ಒಂದು ಕರು ಅಟ್ಟಿಸ್ಕೊಂಡು ಬಂತು. ಹುಲ್ಲಿನ ಮೆದೆ ಹತ್ತಿ ಕೂತ. ಇಡೀ ದಿನ ಇಳೀಲಿಲ್ಲ. ಅವರಮ್ಮ ಊಟಾನ ಕೋಲಿಗೆ ಕಟ್ಟಿ ಕೊಟ್ಟಳು."

"ಕೋಲಿಗಲ್ಲ," ಎಂದಳು ಯೋಖೆವೆದ್. ಅವಳ ಗಂಟಲಿಂದ ಒಂದು ವಿಚಿತ್ರ ಸದ್ದು ಬಂತು. ನಗುವೆಂದು ತಿಳಿಯಲು ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು. "ಪೊರಕೆಗೆ. ಪೊರಕೆಗೆ ಕಟ್ಟಿ ಕೊಟ್ಟೆ. ಮೊಟ್ಟೆ ಕೆಳಗೆ ಬಿತ್ತು, ಕರು ತಿಂತು."

"ನನಗೆ ಇದು ಗೊತ್ತೇ ಇರ್ಲಿಲ್ಲ," ಎಂದ ಅಮ್ನೋನ್.

"ನೀನಾಗ ಎರಡು ವರ್ಷದವನು," ಎಂದ ಝೆಲಿಗ್. "ಇನ್ನೊಂದು ಸಲ ಏನಾಯ್ತು ಅಂದ್ರೆ..."

ಕೆಳಗೆ ಲಾ‌ರಿ ಒಮ್ಮೆ ಹಾರನ್ ಹೊಡೆಯಿತು. ಝೆಲಿಗನಿಗೆ ಕೇಳಿಸಿತೋ ಇಲ್ಲವೋ. ಕಿಬ್ಬುತ್ಸಿನ ಇಬ್ಬರು ತರುಣರು ಕಣ್ಣಲ್ಲೇ ಮಾತಾಡಿಕೊಂಡು, ಹಾಲು ಕರೆಯಲು ತಾವೇ ಹೋಗುವುದೆಂದು ಸದ್ದಿಲ್ಲದೆ ಹೊರಟರು. ಮಾಕ್ವಾಲಾ ಅವರ ಕೈಗೆ ಒಂದೊಂದು ಕೋಳಿಕಾಲು ತುರುಕಿ ಕಳಿಸಿದಳು. ಝೆಲಿಗ್ ಮಾತಾಡಿದ. ಮೆದೆಯಿಂದ ಟ್ರ್ಯಾಕ್ಟರಿಗೆ ಹೋದ, ಟ್ರ್ಯಾಕ್ಟರಿನಿಂದ ಮೌತ್‌ ಆರ್ಗನ್ನಿಗೆ, ಅಲ್ಲಿಂದ ಒಬ್ಬ ಹುಡುಗಿಗೆ ಬರೆದು ಕಳಿಸದ ಕಾಗದಕ್ಕೆ. ಏಳು ಮಾತಿನ ಮನುಷ್ಯ ಆರು ವರ್ಷದ ಬಾಕಿಯನ್ನೆಲ್ಲ ಒಂದೇ ಸಂಜೆ ಆಡಿದ. ಅದರಲ್ಲಿ ಅರ್ಧ ಶಾಲ್ವಾನಿಗೆ ಅರ್ಥವಾಗಲಿಲ್ಲ. ಮುನ್ನೂರ ಹನ್ನೆರಡು ಪದಗಳ ಆಚೆ, ಬಹಳ ದೂರ ಹೋಗಿಬಿಟ್ಟಿತ್ತು ಮಾತು. ಆದರೂ ಒಂದೊಂದು ಕಡೆಯಲ್ಲೂ ತಲೆದೂಗಬೇಕಾದ ಜಾಗದಲ್ಲೇ ತಲೆದೂಗಿದ, ಒಂದು ಕೂದಲಿನಷ್ಟೂ ತಪ್ಪಲಿಲ್ಲ. ಚಾಚಿದ ಕೈ ಇಳಿಸಲಿಲ್ಲ.

ದಾತಿಕೋ ಕುರ್ಚಿಯ ಬೆನ್ನಿನಿಂದ ಕೈ ತೆಗೆದಿದ್ದ. ಹೂಜಿಯನ್ನು ಎದೆಗವಚಿಕೊಂಡು, ಭಾವನ ಕಿವಿಯ ಹತ್ತಿರ ಬಗ್ಗಿ, ಕುತೈಸಿಯಲ್ಲಿ ದೊಡ್ಡವರನ್ನು ಕೇಳುವ ದನಿಯಲ್ಲಿ ಕೇಳಿದ:

"ತಮಾದಾ, ನಾಲ್ಕನೇದಕ್ಕೆ ಕೆಂಪು ತರಲೋ, ಬಿಳಿ ತರಲೋ?"

"ಶ್," ಎಂದ ಶಾಲ್ವಾ. "ಬೀಗರು ಮಾತಾಡ್ತಿದ್ದಾರೆ."

ಸಮುದ್ರದ ಕಡೆಯಿಂದ ಸಂಜೆ ಬಿಸಿಲು ಮೇಜಿನುದ್ದಕ್ಕೂ ಬಿದ್ದಿತ್ತು. ಎಲ್ಲರೂ ನಿಂತೇ ಇದ್ದರು. ಯೋಖೆವೆದ್ ಗಂಡನ ಮಾತು ಕೇಳುತ್ತಲೇ, ತನ್ನ ಪಕ್ಕದ ಖಾಲಿ ಕುರ್ಚಿಯ ಮೇಲೆ ಬಿದ್ದಿದ್ದ ರೊಟ್ಟಿಯ ಚೂರುಗಳನ್ನು ಅಂಗೈಯಿಂದ ಮೆಲ್ಲಗೆ ಒರೆಸಿದಳು.